ಕಾರ್ಬನ್ ಕಾಕಾ

ಬೆಳಗಿನ ಎಂಟರ ಸುಮಾರಿಗೆ ಗದಗಿನ ಮುಳಗುಂದ ನಾಕಾದಲ್ಲಿ ಹೆಗಲಿಗೆ ಖಾದಿ ಚೀಲ, ಬಗಲಲ್ಲಿ ಹೆಲ್ಮೆಟ್ ಇಟ್ಟುಕೊಂಡ ಹಿರಿಯರೊಬ್ಬರು ನಿಂತಿರುತ್ತಾರೆ. ಪಾಪ, ಗಾಡಿ ಎಲ್ಲೋ ಕೆಟ್ಟಿರಬೇಕು ಎಂದು ಹೊಸಬರು ಮರುಗುತ್ತಾರೆ. ಗಾಡಿ ಕೆಟ್ಟಿಲ್ಲ, ಗಾಡಿಯೇ ಇಲ್ಲ. ಹೆಲ್ಮೆಟ್ ಮಾತ್ರ ಸ್ವಂತದ್ದು. "ಹಿಂದ ಕುಂತವರಿಗೂ ಹೆಲ್ಮೆಟ್ ಬೇಕ್ರಿ, ಪೊಲೀಸ್ರು ಹಿಡೀತಾರ" ಎಂದು ಜಾರಿಕೊಳ್ಳುವ ಸವಾರರ ಬಾಯಿ ಮುಚ್ಚಿಸಲು ತಂದದ್ದು. ಅದೂ ಅಳಿಯನ ಹಳೇ ಹೆಲ್ಮೆಟ್.

ಇವರೊಬ್ಬರೇ ಎಂದುಕೊಳ್ಳಬೇಡಿ. ಲಕ್ಷ್ಮೇಶ್ವರದ ಶಿಗ್ಲಿ ನಾಕಾದಲ್ಲಿ ಒಬ್ಬರಿದ್ದಾರೆ, ಶಿರಹಟ್ಟಿಯ ಫಕೀರೇಶ್ವರ ಮಠದ ಕಡೆಯಿಂದ ಬರುವ ದಾರಿಯಲ್ಲಿ ಒಬ್ಬರು, ಮುಂಡರಗಿಯಲ್ಲಿ ಕೊಪ್ಪಳದ ರಸ್ತೆ ಹೊರಳುವಲ್ಲಿ ಇಬ್ಬರು. ಅವರವರಲ್ಲಿ ಪರಿಚಯವಿದೆ, ಹದ್ದು ಮೀರುವುದಿಲ್ಲ. ನಮ್ಮ ಪಾಲಿಗೆ ಬಂದವರಿಗೆ ಕಾಲೇಜು ಹುಡುಗರು ಕಾರ್ಬನ್ ಕಾಕಾ ಎಂದು ಹೆಸರಿಟ್ಟಿದ್ದಾರೆ. ಕಾಕಾಗೂ ಅದು ಗೊತ್ತು. ಸಿಟ್ಟಿಲ್ಲ, ಒಳಗೊಳಗೇ ಹಿಗ್ಗು.

ಮೊದಲೆಲ್ಲ ನಾವು ಅವರಿಗೆ ಜುಗ್ಗ ಅನ್ನುತ್ತಿದ್ದೆವು. ಸೊಸೈಟಿಯಲ್ಲಿ ನೌಕರಿ ಮಾಡಿ, ಕಾಸಿಗೆ ಕಾಸು ಕೂಡಿಸಿ ಮನೆ ಕಟ್ಟಿದವರು ಒಂದು ಸೈಕಲ್ ಕೂಡ ಕೊಳ್ಳಲಿಲ್ಲ. ಟ್ಯೂಬು, ಟೈರು, ಪಂಕ್ಚರ್ ಎಂದು ಸುಮ್ಮನೆ ಖರ್ಚು. ಆಮೇಲೆ ಜಗತ್ತಿನ ಹವಾಮಾನ ಕೆಟ್ಟಿತು, ಕಾಕಾನ ಮಾನ ಏರಿತು. 2015ರಲ್ಲಿ ಪ್ಯಾರಿಸ್ಸಿನಲ್ಲಿ ದೇಶದೇಶಗಳೆಲ್ಲ ಕೂಡಿ ಭೂಮಿಯ ಕಾವು ತಡೆಯಬೇಕೆಂದು ಒಪ್ಪಂದ ಮಾಡಿಕೊಂಡ ಸುದ್ದಿ ಪೇಪರಿನಲ್ಲಿ ಬಂದ ದಿನ, "ನಾ ನಲವತ್ತ ವರ್ಷದಿಂದ ಇದನ್ನ ಮಾಡಾಕತ್ತೀನಿ" ಎಂದು ಓಣಿಗೆಲ್ಲ ಪೇಢೆ ಹಂಚಿದರು. ಪೇಢೆ ಯಾರ ದುಡ್ಡಿನದೆಂದು ಕೇಳಬೇಡಿ, ಆ ಹೊತ್ತಿಗೆ ಅಂಗಡಿಯಲ್ಲಿ ಅವರ ಪಕ್ಕ ನಿಂತಿದ್ದವನು ನಾನು.

ಕಾಕಾನ ಸಿದ್ಧಾಂತ ಸಹಕಾರದ್ದು. ದೇಶದ ಮೊದಲ ಕೃಷಿ ಸಹಕಾರ ಸಂಘವನ್ನು 1905ರಲ್ಲಿ ಕಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ. ಗಾಡಿ ಹತ್ತಿದ ಹತ್ತು ನಿಮಿಷದೊಳಗೆ ಕಾಕಾನ ಬಾಯಿಂದ ಈ ಮಾತು ಬಂದೇ ಬರುತ್ತದೆ. "ಬೀಜ ನಿಂದು, ಹೊಲ ನಂದು, ಬೆಳಿ ಇಬ್ಬರದು. ಇದು ಸಹಕಾರ. ಹಂಗ ಪೆಟ್ರೋಲ್ ನಿಂದು, ಹಿಂದಿನ ಸೀಟ್ ನಂದು, ಪುಣ್ಯ ಇಬ್ಬರದು." ಹಿಂದಿನ ಸೀಟೂ ಸವಾರನದೇ ಅಲ್ಲವೇ ಎಂದು ಯಾರಿಗಾದರೂ ಹೊಳೆಯುವಷ್ಟರಲ್ಲಿ ಮುಳಗುಂದ ದಾಟಿರುತ್ತದೆ.

ಲೆಕ್ಕದಲ್ಲಿ ಮಾತ್ರ ಕಾಕಾ ಸುಳ್ಳು ಹೇಳುವವರಲ್ಲ. ಗದಗದಿಂದ ಲಕ್ಷ್ಮೇಶ್ವರ ಸುಮಾರು 40 ಕಿಲೋಮೀಟರ್. ಬೈಕಿಗೆ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲ್. ಒಂದು ಲೀಟರ್ ಸುಟ್ಟರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಒಮ್ಮೆ ಸೈನ್ಸ್ ಓದುವ ಹುಡುಗನೊಬ್ಬ ಅಡ್ಡ ಹಾಕಿದ: "ಕಾಕಾ, ಲೀಟರ್ ಪೆಟ್ರೋಲ್ ತೂಕಾನ ಮುಕ್ಕಾಲು ಕಿಲೋ. ಅದರಾಗಿಂದ 2.3 ಕಿಲೋ ಹೆಂಗ ಬರ್ತೈತ್ರಿ?"

"ಗಾಳ್ಯಾಗಿನ ಆಮ್ಲಜನಕ ಬಂದು ಕೂಡಿಕೊಳ್ತೈತೋ ತಮ್ಮಾ. ಅದೂ ಡ್ರಾಪ್ ತಗೊಂಡಂಗ."

ರಸಾಯನಶಾಸ್ತ್ರವನ್ನು ಇಷ್ಟು ಚೊಕ್ಕಾಗಿ ತಿಳಿಸಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಮುಂದಿನ ಮಾತು ಇನ್ನೂ ಬಿಗಿ: "ನೀ ಒಬ್ಬನ ಹೋದ್ರ 2.3 ಕಿಲೋ ಪಾಪ ನಿನ್ನ ತಲಿಮ್ಯಾಲ. ನಾ ಕುಂತ್ರ ಅರ್ಧಾ ನಂದು." ವಾಲ್ಮೀಕಿ ಬೇಡನಾಗಿದ್ದಾಗ ಹೆಂಡತಿ ಮಕ್ಕಳು ಪಾಪದಲ್ಲಿ ಪಾಲು ಒಲ್ಲೆವೆಂದರಂತೆ. ಇಲ್ಲಿ ಗುರುತು ಪರಿಚಯ ಇಲ್ಲದ ಮನುಷ್ಯ ತಾನಾಗಿಯೇ ಪಾಪದ ಅರ್ಧ ಹೊರುತ್ತೇನೆ ಅನ್ನುತ್ತಿದ್ದಾರೆ. ಸವಾರ ಕರಗಿ ಗಾಡಿ ನಿಲ್ಲಿಸುತ್ತಾನೆ. ಪೆಟ್ರೋಲಿನ ಪಾಲು ಬೇರೆ ಬಾಬ್ತು, ಅದು ಪಾಪದ ಖಾತೆಯಲ್ಲಿ ಬರುವುದಿಲ್ಲ.

ಪೆಟ್ರೋಲ್ ಬಂಕಿಗೆ ಗಾಡಿ ಹೊರಳಿತೋ, ಕಾಕಾನ ಮೌನವ್ರತ ಶುರು. ಮೆಲ್ಲಗೆ ಇಳಿದು ಹವಾ ತುಂಬುವ ಹುಡುಗನ ಕಡೆಗೆ ನಡೆಯುತ್ತಾರೆ. ಹವಾ ಪುಕ್ಕಟೆ. "ಹಿಂದಿನ ಗಾಲಿಗೆ ಎರಡ ಪಾಯಿಂಟ್ ಜಾಸ್ತಿ ಇರಲಿ, ನಾ ಕುಂದರ್ತೀನಿ. ಹವಾ ಕಡಿಮಿ ಇದ್ರ ಎಣ್ಣಿ ಜಾಸ್ತಿ ಕುಡೀತೈತಿ." ಇದೂ ಖರೆ ಮಾತೇ. ಅವರು ಹೇಳುವುದೆಲ್ಲ ಖರೆ, ಇದೇ ತೊಂದರೆ.

ಚಹಾದ ವಿಷಯ ಬೇರೆ. ಚೀಲದಲ್ಲಿ ಸ್ವಂತ ಸ್ಟೀಲ್ ಲೋಟ ಇರುತ್ತದೆ. ಕಾಗದದ ಕಪ್ಪಿನ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಬಳಿದಿರುತ್ತಾರೆ, ಅದು ಮಣ್ಣಲ್ಲಿ ಕರಗುವುದಿಲ್ಲ ಎಂದು ಅಂಗಡಿಯವನಿಗೆ ತಿಳಿಹೇಳಿ ಲೋಟ ಮುಂದೆ ಹಿಡಿಯುತ್ತಾರೆ. ಲೋಟದ ತಳ ಕಾಣದಂತೆ ತುಂಬಲು ಕಪ್ಪಿನ ಎರಡರಷ್ಟು ಚಹಾ ಬೇಕು. ಗಿರ್ಮಿಟ್ಟೂ ಹಾಗೆಯೇ, ಡಬ್ಬಿ ಮನೆಯಿಂದ ತಂದದ್ದು, ಡಬ್ಬಿ ದೊಡ್ಡದು. ಮಿರ್ಚಿ ಮಾತ್ರ ಕೈಯಲ್ಲೇ ತಿನ್ನುತ್ತಾರೆ, ಪೇಪರಿನ ಮಸಿ ಹತ್ತಬಾರದಲ್ಲ.

ನಾಲ್ಕು ಚಕ್ರದವರಿಗೆ ಕಾಕಾನ ಉಪದೇಶ ಇನ್ನೂ ಖಾರ. ಕಾರಿನಲ್ಲಿ ಒಬ್ಬರೇ ಕೂತು ಮುಂಡರಗಿಗೆ ಹೊರಟವರನ್ನು ತಡೆದು, ಖಾಲಿ ಮೂರು ಸೀಟು ತೋರಿಸಿ, "ಈ ಸೀಟೂ ಪೆಟ್ರೋಲ್ ಕುಡೀತಾವ್ರಿ ಸಾಹೇಬ್ರ" ಅನ್ನುತ್ತಾರೆ. ಕಾಚು ಏರಿಸಿ ಎಸಿ ಹಾಕಿದರೆ ಒಳಗಿನವರಿಗೆ ಭೂಮಿಯ ಕಾವು ತಿಳಿಯುವುದಿಲ್ಲವೆಂದು ಮೊದಮೊದಲು ವಾದಿಸುತ್ತಿದ್ದರು. ಈಗ ಡಂಬಳ ಬರುವತನಕ ಸುಮ್ಮನಿರುತ್ತಾರೆ. ಅಲ್ಲಿ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗೋಡೆ ತೋರಿಸಿ ಕೈಮುಗಿಸುತ್ತಾರೆ. ಗುಡಿ ನೋಡಲು ಕೆಳಗಿಳಿದವರಿಗೆ ಬಿಸಿಲು ತಾಗಿದ ಮೇಲೆ, "ಈಗ ಎಸಿ ಹಾಕ್ರಿ, ನಡೀತೈತಿ."

ಕಾಕಾನನ್ನು ಬರೀ ನಗೆಗೀಡು ಮಾಡಿದರೆ ತಪ್ಪಾದೀತು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಕಡೆ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುತ್ತದೆಂದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳ ಹಿಂದೆ ಜನ ಎದ್ದು ನಿಂತರಲ್ಲ, ಆ ಗುಂಪಿನಲ್ಲಿ ಕಾಕಾ ಇದ್ದರು. ಕಾರ್ಖಾನೆ ಬರಲಿಲ್ಲ. ಕಪ್ಪತಗುಡ್ಡದ ರಕ್ಷಣೆ ತೆಗೆದುಹಾಕಿದ್ದಕ್ಕೆ 2017ರಲ್ಲಿ ಗದಗ ಕುದಿದಾಗಲೂ ಇದ್ದರು. ಗುಡ್ಡ ಉಳಿಯಿತು, 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ಧರಣಿಗೆ ಹೇಗೆ ಹೋಗುತ್ತಿದ್ದಿರಿ ಎಂದು ಕೇಳಿದೆ. "ಮಂದಿ ಟ್ರ್ಯಾಕ್ಟರಿನ್ಯಾಗ" ಎಂದರು, ಅದರಲ್ಲಿ ಕೇಳುವುದೇನಿದೆ ಎಂಬಂತೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮೂರಕ್ಕೂ ರೈಲಿಲ್ಲ. ಗದಗ–ಯಲವಿಗಿ ಲೈನು ಆಗಬೇಕೆಂಬ ಹಳೇ ಬೇಡಿಕೆಯ ಪ್ರತಿ ಮನವಿಗೂ ಕಾಕಾನ ಸಹಿ ಇದೆ. ರೈಲು ಬಂದರೆ ಟಿಕೆಟ್ ತೆಗೆಸಬೇಕಾಗುತ್ತದೆಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಇಷ್ಟರಲ್ಲಿ ಸ್ವೀಡನ್ನಿನ ಗ್ರೇಟಾ ಥುನ್‌ಬರ್ಗ್ ಬಂದಳು. 2019ರಲ್ಲಿ ವಿಮಾನ ಹತ್ತುವುದಿಲ್ಲವೆಂದು ಹಟ ಹಿಡಿದು ಇಂಗ್ಲೆಂಡಿನ ಪ್ಲೈಮತ್‌ನಿಂದ ನ್ಯೂಯಾರ್ಕಿಗೆ ಹಾಯಿದೋಣಿಯಲ್ಲಿ ಹೋದಳು. ಎಲ್ಲರೂ ಆ ಹುಡುಗಿಯ ಛಲ ಹೊಗಳಿದರೆ, ಕಾಕಾ ಕಂಡದ್ದೇ ಬೇರೆ. "ದೋಣಿ ಯಾರದು? ಮಂದೀದು! ತಿರುಗಿ ಬರೂಮುಂದ ನನ್ನ ಯಾರರ ಕರಕೊಂಡ ಹೋಗ್ರಿ ಅಂತ ಲೋಕಕ್ಕೆಲ್ಲ ಹೇಳಿದ್ಲು. ಆಸ್ಟ್ರೇಲಿಯಾದ ಗಂಡ ಹೆಂಡತಿ ಬಂದು ತಮ್ಮ ದೋಣ್ಯಾಗ ಕುಂದ್ರಿಸಿಕೊಂಡ್ರು. ಸಮುದ್ರದಾಗ ಡ್ರಾಪ್, ಮಾಸ್ತರ! ನಾ ಮುಳಗುಂದ ನಾಕಾದಾಗ ನಿಂತ್ರ ನಿಮಗ ನಗು." ನಡೆದದ್ದೂ ಹಾಗೇ. ನಗುವುದನ್ನು ಅಂದಿಗೆ ನಿಲ್ಲಿಸಿದೆ.

ಕಾಕಾನ ಸಾಮ್ರಾಜ್ಯಕ್ಕೆ ಪೆಟ್ಟು ಕೊಟ್ಟದ್ದು ಮನೆಯವರೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ಅಲ್ಲಿಯವರೆಗೆ ಬೆಟಗೇರಿಯ ಸಂತೆಯೇ ದೂರದ ಪ್ರವಾಸವಾಗಿದ್ದ ಕಾಕು ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಬಿದ್ದರು. ಲಕ್ಷ್ಮೇಶ್ವರದ ಸೋಮೇಶ್ವರ, ಅಲ್ಲಿಂದಲೇ ದೂದಪೀರಾಂ ದರ್ಗಾ, ಶಿರಹಟ್ಟಿಯ ಮಠ, ಆಮೇಲೆ ಧರ್ಮಸ್ಥಳ, ಸವದತ್ತಿ ಎಲ್ಲಮ್ಮ. ಕಾಕಾ ನಾಕಾದಲ್ಲಿ ಕೈ ಮಾಡುತ್ತ ನಿಂತಿರುವಾಗ ವಾಯವ್ಯ ಸಾರಿಗೆಯ ಬಸ್ಸು ಹಾದುಹೋಗುತ್ತದೆ, ಕಿಟಕಿಯಿಂದ ಕಾಕು ಕೈ ಮಾಡುತ್ತಾರೆ. ಕಾಕಾ ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಕಾಕು ದರ್ಶನ ಮುಗಿಸಿ, ಮುಂದಿನ ಬಸ್ಸಿನಲ್ಲಿ ತಿರುಗಿ ಎದುರಾಗುತ್ತಾರೆ.

ಹೋಗಲಿ, ಟಿಕೆಟ್ಟಿನಲ್ಲಿ ಸೋತರೂ ಇಂಗಾಲದಲ್ಲಿ ಗೆದ್ದೇನು ಎಂದುಕೊಂಡಿದ್ದರು ಕಾಕಾ. ಕಾಕು ಒಂದು ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿದರು. ಬಸ್ಸು ಲೀಟರಿಗೆ ಐದು ಕಿಲೋಮೀಟರ್ ಓಡಿದರೂ 40 ಕಿಲೋಮೀಟರಿಗೆ ಎಂಟು ಲೀಟರ್ ಡೀಸೆಲ್. ಲೀಟರಿಗೆ ಸುಮಾರು 2.7 ಕಿಲೋ ಹೊಗೆ. ಐವತ್ತು ಮಂದಿಗೆ ಹಂಚಿದರೆ ತಲೆಗೆ ಅರ್ಧ ಕಿಲೋನೂ ಆಗುವುದಿಲ್ಲ. ಶಕ್ತಿ ಬಂದ ಮೇಲೆ ಬಸ್ಸಿನಲ್ಲಿ ಐವತ್ತೇ ಮಂದಿ ಇದ್ದುದನ್ನು ಕಂಡವರಿದ್ದರೆ ಹೇಳಿ, ನಿಂತವರನ್ನು ಎಣಿಸಿದರೆ ಇನ್ನೂ ಇಳಿಯುತ್ತದೆ.

"ನಂದು ಅರ್ಧಾ ಕಿಲೋದ ಒಳಗ. ನಿಮ್ಮದು ಡ್ರಾಪ್ ತಗೊಂಡೂ ಒಂದ ಕಿಲೋದ ಮ್ಯಾಲ," ಎಂದರು ಕಾಕು ರೊಟ್ಟಿ ಬಡಿಯುತ್ತ. "ನೀವೂ ಬಸ್ಸಿಗೆ ಬರ್ರಿ. ಮುದುಕರಿಗೆ ನೂರಕ್ಕ ಇಪ್ಪತ್ತೈದು ಬಿಡ್ತಾರಂತ."

"ಉಳದ ಎಪ್ಪತ್ತೈದು ಯಾರ ಕೊಡಬೇಕು?"

ಹಿಂಗೆ ಸತ್ಯ ಬಾಯಿ ತಪ್ಪಿ ಬಂದದ್ದು ಅದೊಂದೇ ಸಲ. ಮರುದಿನದಿಂದ ಕಾಕಾ ಇಂಗಾಲದ ಮಾತು ಕಡಿಮೆ ಮಾಡಿ ಹಕ್ಕಿಗಳ ಮಾತು ಹಿಡಿದರು.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ನಿಮಗೆ ಗೊತ್ತಿರಬಹುದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲ ಬಂತೆಂದರೆ ತಲೆಯ ಮೇಲೆ ಎರಡು ಕರಿ ಪಟ್ಟೆ ಇರುವ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ಹಾರಿ ಇಲ್ಲಿಗೆ ಇಳಿಯುತ್ತವೆ. ಹಗಲು ನೀರಿನಲ್ಲಿ ತೇಲುತ್ತ, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಅಷ್ಟು ದೂರದ ಪ್ರವಾಸಕ್ಕೆ ಹನಿ ಎಣ್ಣೆ ಖರ್ಚಿಲ್ಲ. ಕಾಕಾನಿಗೆ ಈ ಹಕ್ಕಿಗಳ ಮೇಲೆ ಪ್ರೀತಿ ಹುಟ್ಟಿದ್ದು ಸಹಜವೇ. ಜನವರಿಯ ಒಂದು ಭಾನುವಾರ ಹುಡುಗರ ಗುಂಪೊಂದು ದುರ್ಬೀನು ಹಿಡಿದು ಅಲ್ಲಿಗೆ ಹೊರಟಿತ್ತು. ಒಂದು ಬೈಕಿನ ಹಿಂದೆ ಕಾಕಾ, ಇನ್ನೊಂದರಲ್ಲಿ ನಾನು.

ಹೊತ್ತು ಇಳಿಯುವಾಗ ಹಿಂಡು ಎದ್ದಿತು. ಆಕಾಶದಲ್ಲಿ ಈಟಿಯ ಮೊನೆಯಂತೆ ಸಾಲು. ಕಾಕಾ ಸ್ಟೀಲ್ ಲೋಟ ಕೆಳಗಿಟ್ಟು ಎದ್ದು ನಿಂತರು. "ನೋಡ್ರೋ! ಮುಂದಿನ ಹಕ್ಕಿ ರೆಕ್ಕಿ ಬಡದ್ರ ಪಕ್ಕದಾಗ ಗಾಳಿ ಮ್ಯಾಲ ಏಳ್ತೈತಿ. ಹಿಂದಿನ ಹಕ್ಕಿ ಅದರ ಮ್ಯಾಲ ತೇಲಿಕೊಂಡ ಹೊಂಡತೈತಿ, ಶ್ರಮ ಕಡಿಮಿ. ಏನಿದು? ಡ್ರಾಪ್! ದೇವರು ಮಾಡಿದ ವ್ಯವಸ್ಥಾ ಇದು."

ಸೈನ್ಸ್ ಹುಡುಗ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. "ಹೌದ್ರಿ ಕಾಕಾ. ಆದ್ರ ಮುಂದಿಂದು ದಣದ್ರ ಅದು ಹಿಂದ ಸರೀತೈತಿ, ಹಿಂದಿಂದು ಮುಂದ ಬರ್ತೈತಿ. ಪಾಳಿ ಇರ್ತೈತ್ರಿ."

ಎಲ್ಲರೂ ಕಾಕಾನ ಮುಖ ನೋಡಿದೆವು. ಅವರು ಲೋಟ ಎತ್ತಿಕೊಂಡು, ಉಳಿದ ಚಹಾ ಮುಗಿಸಿ, ಬಾಯಿ ಒರೆಸಿಕೊಂಡರು.

"ಅವು ಹಕ್ಕಿ, ಲೈಸೆನ್ಸ್ ಬೇಕಾಗಿಲ್ಲ. ನನಗ ಗಾಡಿ ಬರೂದಿಲ್ಲೋ ತಮ್ಮಾ," ಎಂದರು. ಒಂದು ಗಳಿಗೆ ಬಿಟ್ಟು, "ಅಂದಂಗ ಇವು ತಿರುಗಿ ಮಂಗೋಲಿಯಾಕ್ಕ ಯಾವಾಗ ಹೊಂಡತಾವ?"

"ಫೆಬ್ರವರಿ, ಮಾರ್ಚಿನ್ಯಾಗ್ರಿ."

ಕಾಕಾ ಚೀಲದಿಂದ ಡೈರಿ ತೆಗೆದು ಬರೆದುಕೊಂಡರು.