ಟಿಟಿ ಯಜಮಾನರ ಬಂಗಾಳಕೊಲ್ಲಿ

ಕ್ಯಾರವಾನ್ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಸಿನಿಮಾ ಶೂಟಿಂಗ್ ನಡೆಯುವ ಕಡೆ ಮರದ ನೆರಳಲ್ಲಿ ನಿಂತಿರುವ, ಒಳಗೆ ಹೀರೋ ಇದ್ದಾರೆಂದು ಯಾರೂ ಬಾಗಿಲು ತಟ್ಟದ ದೊಡ್ಡ ಗಾಡಿ. ಅಂಥದೊಂದರಲ್ಲಿ ಸಾಮಾನ್ಯ ಸಂಸಾರವೂ ಉಂಡು, ಮಲಗಿ, ಕಡಲ ಸೀಮೆಯನ್ನು ವಾರಗಟ್ಟಲೆ ಸುತ್ತಬಹುದು ಎಂದು ಪ್ರವಾಸೋದ್ಯಮದವರು ಈಚೆಗೆ ಹೇಳತೊಡಗಿದ್ದಾರೆ. ಕೇರಳ 2021ರಲ್ಲಿ ಅದಕ್ಕೆಂದೇ ಯೋಜನೆ ಮಾಡಿ ‘ಕೇರವಾನ್’ ಎಂದು ಹೆಸರನ್ನೂ ಇಟ್ಟಿತು. ಹೆಸರು ಚೆನ್ನಾಗಿದೆ, ಸುದ್ದಿ ಮಾತ್ರ ಹಳತು. ಗಾಡಿಯೊಳಗೆ ಮನೆ ಹೂಡುವ ವಿದ್ಯೆ ನಮ್ಮ ಟಿಟಿ ಯಜಮಾನರಿಗೆ ಎಂದೋ ಕರಗತವಾಗಿತ್ತು. ಟಿಟಿ ಎಂದರೆ ಟೆಂಪೊ ಟ್ರಾವೆಲರ್. ಬಜಾಜ್ ಟೆಂಪೊ ಕಂಪನಿ ಅದನ್ನು ರಸ್ತೆಗಿಳಿಸಿದ್ದು 1987ರಲ್ಲಿ. ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡರೂ ಜನ ‘ಟೆಂಪೊ’ ಬಿಡಲಿಲ್ಲ. ಕಂಪನಿ ಅದರೊಳಗೆ ಕೊಟ್ಟದ್ದು ಹನ್ನೆರಡೋ ಹದಿನೇಳೋ ಸೀಟು, ಅಷ್ಟೆ. ಅಡುಗೆಮನೆ, ದೇವರಮನೆ, ಔಷಧಿ ಕಪಾಟು, ಬಟ್ಟೆ ಒಣಹಾಕುವ ಹಗ್ಗ ಇವೆಲ್ಲ ಯಜಮಾನರ ಸ್ವಂತ ಸೇರ್ಪಡೆ.

ಪ್ರತಿ ಬಂಧುಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ವಿದ್ಯುತ್ ಮಂಡಳಿಯಿಂದಲೋ ನಿವೃತ್ತರಾದವರು. ಸೊಂಟದಲ್ಲಿ ಜಿಪ್ಪಿನ ಪೌಚು, ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು. ಮಕ್ಕಳಿಗೆ ದಸರಾ ರಜೆ ಎಂದು ಗೊತ್ತಾದ ದಿನವೇ ‘ವೈಜಾಗ್ ಟೂರ್’ ಎಂಬ ವಾಟ್ಸ್ಯಾಪ್ ಗುಂಪು ಹುಟ್ಟುತ್ತದೆ. ಭಾವಮೈದುನರ ಮನಸ್ತಾಪದಿಂದ ಅದು ಮುಚ್ಚಿ ‘ವೈಜಾಗ್ ಟೂರ್ ಹೊಸದು’, ಕೊನೆಗೆ ‘ವೈಜಾಗ್ ಟೂರ್ ಫೈನಲ್’ ಆಗುತ್ತದೆ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ನಿಧಾನವಾಗಿ ಇಳಿಯುತ್ತ ಬರುವ ಏಳು ದಿನದ ಕರಾವಳಿ ಪ್ರವಾಸಕ್ಕೆ ಅವರು ತುಂಬಿಸುವ ಸಾಮಾನಿನ ಪಟ್ಟಿಯನ್ನು ಒಮ್ಮೆ ಓದಬೇಕು. ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಕೋಡುಬಳೆ, ಎರಡು ಕುಕ್ಕರ್, ಇಂಡಕ್ಷನ್ ಒಲೆ, ಕಾಫಿ ಫಿಲ್ಟರ್, ಹೆಪ್ಪಿಗೆಂದು ಮುಚ್ಚಳಕ್ಕೆ ಬಟ್ಟೆ ಕಟ್ಟಿದ ಸ್ಟೀಲ್ ಡಬ್ಬಿಯಲ್ಲಿ ಮನೆಯ ಮೊಸರು. ಇದರ ಮೇಲೆ 20 ಲೀಟರಿನ ನಾಲ್ಕು ಕ್ಯಾನುಗಳಲ್ಲಿ ಮನೆಯ ನೀರು. ಗೋದಾವರಿ, ಕೃಷ್ಣೆ ಎರಡೂ ಕವಲೊಡೆದು ಸಮುದ್ರಕ್ಕೆ ಸೇರುವ ಸೀಮೆಗೆ ಬೆಂಗಳೂರಿನ ಮೂರನೇ ಹಂತದ ಬಡಾವಣೆಯೊಂದರಿಂದ ನೀರು ಹೊರುವವರನ್ನು ಬರೀ ಪ್ರವಾಸಿ ಎಂದು ಕರೆದರೆ ತಪ್ಪಾಗುತ್ತದೆ. ಸಮುದ್ರ ನೋಡುವುದು ಅವರಿಗೆ ನೆಪ. ತಮ್ಮ ಮನೆ ಸಮುದ್ರದ ಮುಂದೆ ನಿಲ್ಲಿಸಿದರೂ ಎಂದಿನಂತೆ ನಡೆಯುತ್ತದೆಯೇ ಎಂಬುದನ್ನು ಪರೀಕ್ಷೆ ಮಾಡಲು ಅವರು ಹೊರಟಿರುತ್ತಾರೆ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಕಿಟಕಿಯ ಟವೆಲ್ಲು. ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಿಂದ ಋಷಿಕೊಂಡದ ಮೇಲೆ ಹಾದು ಭೀಮುನಿಪಟ್ಟಣಕ್ಕೆ, ಅಲ್ಲಿನವರ ಬಾಯಲ್ಲಿ ಭೀಮಿಲಿಗೆ, ಹೋಗುವ ರಸ್ತೆ ಪೂರ್ವ ಕರಾವಳಿಯ ಚೆಲುವಾದ ರಸ್ತೆಗಳಲ್ಲೊಂದು. ಎಡಕ್ಕೆ ಬೌದ್ಧರ ಕಾಲದ ಅವಶೇಷಗಳಿರುವ ತೊಟ್ಲಕೊಂಡದಂಥ ಗುಡ್ಡಗಳು, ಬಲಕ್ಕೆ ಬಂಗಾಳಕೊಲ್ಲಿ. ಟಿಟಿ ಬಾಡಿಗೆಗೆ ಹಿಡಿಯುವಾಗ ಬಲಗಡೆಯ ಕಿಟಕಿ ಸೀಟಿಗಾಗಿ ಮಕ್ಕಳು ಜಗಳಾಡಿರುತ್ತಾರೆ. ಆದರೆ ಇದು ಪೂರ್ವದ ಕಡಲು. ಬೆಳಗಿನ ಬಿಸಿಲು ಬರುವುದೇ ನೀರಿನ ಕಡೆಯಿಂದ. ಒದ್ದೆ ಬಟ್ಟೆ ಒಣಹಾಕಲು ಅದಕ್ಕಿಂತ ಪ್ರಶಸ್ತವಾದ ಕಿಟಕಿ ಬೇರೆ ಇಲ್ಲ ಎಂದು ಯಜಮಾನರು ಹೊರಟ ಹತ್ತು ನಿಮಿಷದಲ್ಲೇ ಕಂಡುಹಿಡಿಯುತ್ತಾರೆ. ಕರ್ಟನ್ ರಾಡಿಗೆ ಎರಡು ಟವೆಲ್ಲು, ಒಂದು ಪಂಚೆ, ಮೊಮ್ಮಗನ ಚಡ್ಡಿ. ಪಂಚೆಯ ಅಂಚಿಗೂ ಟವೆಲ್ಲಿನ ಅಂಚಿಗೂ ನಡುವೆ ನಾಲ್ಕು ಬೆರಳಿನಷ್ಟು ಸಂದಿ ಉಳಿದಿರುತ್ತದೆ. ಆ ಸಂದಿಯಲ್ಲಿ ಬಂಗಾಳಕೊಲ್ಲಿ ಭೀಮಿಲಿಯವರೆಗೂ ನೀಲಿ ರಿಬ್ಬನ್ನಿನ ಹಾಗೆ ಓಡುತ್ತಿರುತ್ತದೆ. ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ಕಡಲ ಗಾಳಿಯ ತೇವಕ್ಕೆ ಟವೆಲ್ಲು ಒಣಗುವುದೇ ಇಲ್ಲ. ಒಣಗಲಿಲ್ಲವೆಂದು ಅದನ್ನು ತೆಗೆಯುವುದಿಲ್ಲ. ತೆಗೆಯುವುದಿಲ್ಲವಾದ್ದರಿಂದ ಸಮುದ್ರ ಕಾಣುವುದಿಲ್ಲ. ತನ್ನ ಪರದೆಯನ್ನು ಸಮುದ್ರವೇ ಒದ್ದೆ ಮಾಡಿ ಕಾಪಾಡಿಕೊಳ್ಳುತ್ತದೆ.

ಸಮುದ್ರ ಎಲ್ಲಿದೆ ಎಂಬ ದೂರು ಬರುವುದು ಇಷ್ಟೆಲ್ಲ ಆದ ಮೇಲೆ, ವಿಶಾಖಪಟ್ಟಣ ಬಿಟ್ಟು ದಕ್ಷಿಣಕ್ಕೆ ತಿರುಗಿದಾಗ. ಯಜಮಾನರ ತಲೆಯಲ್ಲಿ ಕರಾವಳಿ ಎಂದರೆ ಮರವಂತೆ: ಒಂದು ಕಡೆ ಅಲೆ, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಇಲ್ಲಿ ವಿಜಯವಾಡದವರೆಗಿನ ಸುಮಾರು 350 ಕಿಲೋಮೀಟರಿನಲ್ಲಿ ರಾಷ್ಟ್ರೀಯ ಹೆದ್ದಾರಿ 16 ಸಮುದ್ರಕ್ಕೆ ಬೆನ್ನು ಹಾಕಿಯೇ ಸಾಗುತ್ತದೆ. ಅನಕಾಪಲ್ಲಿ, ತುನಿ, ಅನ್ನವರಂ, ರಾಜಮಹೇಂದ್ರವರಂ, ಏಲೂರು. ಕಾಣುವುದು ಬೆಲ್ಲದ ಮಂಡಿ, ಗೇರು ತೋಪು, ತೆಂಗು, ಬಾಳೆ, ಮುಗಿಯದ ಗದ್ದೆ. ಎರಡು ಮಹಾನದಿಗಳು ಸಾವಿರಾರು ವರ್ಷ ಮಣ್ಣು ತಂದು ಸುರಿದು ಸಮುದ್ರವನ್ನು ಆಚೆಗೆ ದೂಡಿದ್ದರಿಂದಲೇ ಆ ಗದ್ದೆಗಳಿರುವುದು. ವಿಜಯವಾಡಕ್ಕಂತೂ ಸಮುದ್ರವೇ ಇಲ್ಲ, ಬೇಕಾದರೆ ಸುಮಾರು 70 ಕಿಲೋಮೀಟರ್ ದೂರದ ಮಚಿಲೀಪಟ್ಟಣಕ್ಕೆ ಹೋಗಬೇಕು. ‘ಕೋಸ್ತಾ ಅಂತ ಹೇಳಿ ಗದ್ದೆ ತೋರಿಸ್ತಿದೀಯಲ್ಲಯ್ಯ’ ಎಂದು ಡ್ರೈವರ್ ಮೇಲೆ ರೇಗುತ್ತಾರೆ. ಹಾಗೆ ರೇಗುವಾಗಲೂ ಟವೆಲ್ಲು ಕಿಟಕಿಯಲ್ಲೇ ಇರುತ್ತದೆ.

ಎರಡನೇ ಸಾಕ್ಷಿ ಜಲಾಂತರ್ಗಾಮಿ. ರಾಮಕೃಷ್ಣ ಬೀಚಿನ ಮರಳಿನ ಮೇಲೆ ಐಎನ್‌ಎಸ್ ಕುರ್ಸುರಾ ನಿಂತಿದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು. 1969ರಲ್ಲಿ ನೌಕಾಪಡೆ ಸೇರಿ, 1971ರ ಯುದ್ಧ ಕಂಡು, 2001ರಲ್ಲಿ ನಿವೃತ್ತವಾಗಿ, ಮರುವರ್ಷ ಮ್ಯೂಸಿಯಂ ಆಯಿತು. ಯಜಮಾನರಿಗೆ ಇಡೀ ಪ್ರವಾಸದಲ್ಲಿ ಮೈಮರೆಸುವ ಜಾಗ ಇದೊಂದೇ. 91 ಮೀಟರ್ ಉದ್ದದ ಕೊಳವೆಯೊಳಗೆ ಬಗ್ಗಿ ಬಗ್ಗಿ ನಡೆಯುತ್ತ ಅವರು ಟಾರ್ಪಿಡೊ ನೋಡಿ ಬೆರಗಾಗುವುದಿಲ್ಲ. ಗೂಡಿನಷ್ಟಗಲದ ಅಡುಗೆಮನೆಯಲ್ಲಿ ಅಷ್ಟು ಜನಕ್ಕೆ ಹೇಗೆ ಬೇಯಿಸಿದರು, ಒಂದರ ಮೇಲೊಂದು ಮಂಚ ಹಾಕಿ ಸಾಮಾನು ಎಲ್ಲಿಟ್ಟರು, ಸ್ನಾನದ ನೀರಿಗೆ ಏನು ಮಾಡಿದರು ಎಂಬುದೇ ಅವರ ಪ್ರಶ್ನೆ. ಹಿಂದಿನ ಗುಂಪಿನವರು ‘ಮುಂದೆ ನಡೀರಿ ಸಾರ್’ ಎಂದು ತೆಲುಗಿನಲ್ಲಿ ಗದರಿದರೂ ಕದಲದೆ ನೋಟ್‌ಬುಕ್ಕು ತೆಗೆಯುತ್ತಾರೆ. ಸಮುದ್ರದ ಹೊಟ್ಟೆಯೊಳಗೇ ಇದ್ದುಕೊಂಡು, ಹೊರಗೆ ನೋಡಲು ಕಿಟಕಿಯೇ ಇಲ್ಲದೆ, ಹೊತ್ತುಹೊತ್ತಿಗೆ ಊಟ ತಿಂಡಿ ನಡೆಸಿದ ಮನೆ ಅದು. ಯಜಮಾನರು ಬಹುಕಾಲದಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಟಿಟಿ.

ಮುದುಕರನ್ನು, ಮಕ್ಕಳನ್ನು ಕರೆದುಕೊಂಡು ಹೊರಟವರನ್ನು ಹೀಗೆ ಗೇಲಿ ಮಾಡಬಹುದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ, ಚಿಕ್ಕಪ್ಪನಿಗೆ ಹೊಟ್ಟೆಹುಣ್ಣು, ಆಂಧ್ರದ ಖಾರ ಲೋಕಪ್ರಸಿದ್ಧ. ಅನ್ನ ಮೊಸರು ಕೈಯಲ್ಲಿರಬೇಡವೇ? ನ್ಯಾಯವಾದ ಮಾತು. ಟಿಟಿ ಯಜಮಾನರಂಥವರು ಇಲ್ಲದಿದ್ದರೆ ಎಪ್ಪತ್ತು ದಾಟಿದ ಎಷ್ಟೋ ಹೆಂಗಸರು ಮನೆಯ ತುಳಸಿಕಟ್ಟೆ ಬಿಟ್ಟು ಕದಲುತ್ತಿರಲಿಲ್ಲ, ಸೀರೆಯ ನೆರಿಗೆ ಎತ್ತಿ ಹಿಡಿದು ಅಲೆಯಲ್ಲಿ ಪಾದ ನೆನೆಸುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಖಾರದ ವಾದ ಅರ್ಧ ದೂರಕ್ಕೇ ಸುಸ್ತಾಗುತ್ತದೆ. ಪೆಸರಟ್ಟು ಎಂದರೆ ನಮ್ಮ ಹೆಸರುಕಾಳಿನ ದೋಸೆ, ಒಳಗೆ ಉಪ್ಪಿಟ್ಟಿಟ್ಟು ಮಡಚಿರುತ್ತಾರೆ. ವಿಜಯವಾಡದ ಬಾಬಾಯ್ ಹೋಟೆಲಿನ ಹೆಸರುವಾಸಿ ತಿಂಡಿ ಬೆಣ್ಣೆ ಹಾಕಿದ ಇಡ್ಲಿ. ದಾವಣಗೆರೆಯವರು ಕಣ್ಣುಮುಚ್ಚಿ ಸಹಿ ಹಾಕುವಂಥದ್ದು. ಅನ್ನವರದ ಸತ್ಯನಾರಾಯಣಸ್ವಾಮಿಯ ಪ್ರಸಾದ ಗೋಧಿ ನುಚ್ಚು, ಬೆಲ್ಲ, ತುಪ್ಪದ್ದು, ಎಲೆಯ ದೊನ್ನೆಯಲ್ಲಿ ಬರುತ್ತದೆ. ಅದರಿಂದ ಹೊಟ್ಟೆಹುಣ್ಣು ಕೆರಳಿತೆಂದು ಯಾವ ವೈದ್ಯರೂ ಹೇಳಲಾರರು. ಹೀಗಿದ್ದೂ ಯಜಮಾನರು ಗಾಡಿಯನ್ನು ಛತ್ರದ ಹಿಂದೆ ನಿಲ್ಲಿಸಿ, ಇಂಡಕ್ಷನ್ ಒಲೆಯ ವೈರನ್ನು ವಾಚ್‌ಮನ್ ಕೋಣೆಯ ಪ್ಲಗ್ಗಿಗೆ ಎಳೆಸಿ, ಉಪ್ಪಿಟ್ಟು ಮಾಡಿಸುತ್ತಾರೆ. ಪಕ್ಕದ ಗಾಡಿಯವನೂ ಅದೇ ಹೊತ್ತಿಗೆ ಪೆಸರಟ್ಟಿನೊಳಗೆ ಉಪ್ಪಿಟ್ಟು ತುಂಬುತ್ತಿರುತ್ತಾನೆ.

ಭಾಷೆಯ ವಿಷಯದಲ್ಲೂ ಇದೇ ಕಥೆ. ತೆಲುಗು ಬೋರ್ಡುಗಳನ್ನು ಯಜಮಾನರು ಗಟ್ಟಿಯಾಗಿ ಓದುತ್ತಾರೆ, ತಲಕಟ್ಟು ಬಿಟ್ಟರೆ ಇದು ನಮ್ಮದೇ ಲಿಪಿ ಎಂದು ಮೊಮ್ಮಕ್ಕಳಿಗೆ ಪಾಠ ಹೇಳುತ್ತಾರೆ. ಎರಡೂ ಒಂದೇ ಬೇರಿನವಾದ್ದರಿಂದ ಪಾಠ ತಪ್ಪೂ ಅಲ್ಲ. ಓದಿದ್ದರ ಅರ್ಥ ಮಾತ್ರ ಕೇಳಬಾರದು. ಮಲೆನಾಡಿನ ಕಡೆಯ ಯಜಮಾನರಾದರೆ ಇನ್ನೂ ಫಜೀತಿ. ತಳ್ಳುಗಾಡಿಯ ಮುಂದೆ ನಿಂತು ಕುತೂಹಲಕ್ಕೆ ‘ಎಂತ?’ ಎನ್ನುತ್ತಾರೆ. ತೆಲುಗಿನಲ್ಲಿ ಅದು ‘ಎಷ್ಟು?’ ಎಂದಾಗುವುದರಿಂದ ಅವನು ‘ನಲಭೈ’ ಎನ್ನುತ್ತಾನೆ. ಈ ತಿಂಡಿಯ ಹೆಸರು ನಲಭೈ ಎಂದು ನೋಟ್‌ಬುಕ್ಕಿನಲ್ಲಿ ದಾಖಲಾಗುತ್ತದೆ.

ಕಟ್ಟಾ ಸಂಪ್ರದಾಯಸ್ಥರ ಆಕ್ಷೇಪಣೆ ಇನ್ನೊಂದು ಬಗೆಯದು. ಮನೆ ಹೊತ್ತು ನಡೆಯುವುದು ನಮ್ಮ ಹಿರಿಯರ ಪದ್ಧತಿಯೇ ಅಲ್ಲವೇ? ಜಾತ್ರೆಗೆ ಕಮಾನು ಗಾಡಿಯಲ್ಲಿ ಬುತ್ತಿ, ಮಡಕೆ, ಸೌದೆ ಸಮೇತ ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದರು. ಇದಕ್ಕಿಂತ ದೊಡ್ಡ ಉದಾಹರಣೆ ನಾನೇ ಕೊಡಬಲ್ಲೆ, ಅದೂ ಇದೇ ದಾರಿಯದು. ಕೃಷ್ಣದೇವರಾಯ ಕಳಿಂಗದ ಮೇಲೆ ದಂಡೆತ್ತಿ 1515ರಲ್ಲಿ ಕೊಂಡವೀಡು ಗೆದ್ದು, ವಿಜಯವಾಡದ ಪಕ್ಕದ ಕೊಂಡಪಲ್ಲಿ ಹಿಡಿದು, ಗೋದಾವರಿ ದಾಟಿ ಸಿಂಹಾಚಲಕ್ಕೆ ಬಂದ. 1516ರ ಶಾಸನ ಆ ಗುಡಿಯಲ್ಲೇ ಇದೆ. ಆ ದಂಡು ಎಂಥದ್ದಿರಬಹುದೆಂದು ಊಹಿಸಲು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ನೆರವಾಗುತ್ತಾನೆ. ರಾಯಚೂರಿನ ಮೇಲೆ ಹೊರಟ ಇದೇ ರಾಯನ ಪಾಳೆಯದಲ್ಲಿ ಬೀದಿ, ಸಂತೆ, ಅಗಸರು, ಅಕ್ಕಸಾಲಿಗರು ಎಲ್ಲ ಇದ್ದು, ಊರೇ ಎದ್ದು ನಡೆದಂತಿತ್ತು ಎಂದು ಅವನು ಬರೆದಿಟ್ಟಿದ್ದಾನೆ. ಟಿಟಿಯ ಮೂಲಪುರುಷ ಬೇಕೆಂದರೆ ಅದೇ. ಆದರೆ ‘ಆಮುಕ್ತಮಾಲ್ಯದ’ದ ಪೀಠಿಕೆಯಲ್ಲಿ ರಾಯನೇ ಹೇಳಿಕೊಂಡಿರುವ ಸಂಗತಿಯನ್ನೂ ಮರೆಯಬಾರದು. ಆ ದಂಡಯಾತ್ರೆಯಲ್ಲಿ ವಿಜಯವಾಡದಲ್ಲಿ ಬೀಡುಬಿಟ್ಟು, ಕೃಷ್ಣಾತೀರದ ಶ್ರೀಕಾಕುಳದಲ್ಲಿ ಏಕಾದಶಿ ಉಪವಾಸವಿದ್ದ ರಾತ್ರಿ ಆಂಧ್ರವಿಷ್ಣು ಕನಸಿನಲ್ಲಿ ಬಂದು, ನನಗೊಂದು ಕಾವ್ಯ ಬರೆ, ತೆಲುಗಿನಲ್ಲಿ ಬರೆ ಎಂದನಂತೆ. ಊರಿಗೆ ಊರನ್ನೇ ಕಟ್ಟಿಕೊಂಡು ಬಂದಿದ್ದ ಕನ್ನಡರಾಯ ಆ ಒಂದು ರಾತ್ರಿ ಬುತ್ತಿ ಬಿಚ್ಚಲಿಲ್ಲ, ಹೊರಗಿನ ದೇವರು ಒಳಗೆ ಬರಲು ಡೇರೆಯಲ್ಲಿ ಜಾಗವೂ ಇತ್ತು. ನಮ್ಮ ಯಜಮಾನರ ಗಾಡಿಯಲ್ಲಿ ಆಂಧ್ರವಿಷ್ಣು ಬಂದರೂ ಕೂರಲು ಸೀಟಿಲ್ಲ; ಎಂಟನೇ ಸೀಟಿನಲ್ಲಿ ನೀರಿನ ಕ್ಯಾನು, ಒಂಬತ್ತರಲ್ಲಿ ಕುಕ್ಕರ್.

ಏಳು ದಿನಕ್ಕೆ ಇಪ್ಪತ್ತಮೂರು ಜಾಗ ತೋರಿಸುತ್ತಾರಲ್ಲ, ಅದು ನೋಡುವುದಲ್ಲವೇ ಎನ್ನುವವರಿಗೆ ಹೆಚ್ಚು ಉತ್ತರ ಬೇಕಿಲ್ಲ. ಟೈಮ್‌ಟೇಬಲ್ ತೆರೆದು ತೋರಿಸಿದರೆ ಸಾಕು. ಕೈಲಾಸಗಿರಿ 40 ನಿಮಿಷ, ರೋಪ್‌ವೇ ಕ್ಯೂ ಸೇರಿ. ದೌಲೇಶ್ವರದಲ್ಲಿ ಆರ್ಥರ್ ಕಾಟನ್ 1852ರಲ್ಲಿ ಮುಗಿಸಿದ, ಆ ಗದ್ದೆಗಳಿಗೆಲ್ಲ ನೀರುಣಿಸಿದ ಅಣೆಕಟ್ಟೆ, ಈಗಿನ ಬ್ಯಾರೇಜಿನ ಪೂರ್ವಜ: ‘ಗಾಡಿಯಿಂದಲೇ’. ಈ ‘ಗಾಡಿಯಿಂದಲೇ’ ಎಂಬ ಷರಾ ಒಂಬತ್ತು ಕಡೆ ಇದೆ. ಅಡುಗೆ ಮತ್ತು ವಿಶ್ರಾಂತಿಗೆ ದಿನಕ್ಕೆ ಮೂರೂವರೆ ಗಂಟೆ.

ವಿಜಯವಾಡದಲ್ಲಿ ಮಾತ್ರ ಈ ಕೋಟೆಗೆ ಒಂದು ಕಡೆ ಬಿರುಕು ಬೀಳುತ್ತದೆ. ದಸರೆಯಲ್ಲಿ ಇಂದ್ರಕೀಲಾದ್ರಿಯ ಕನಕದುರ್ಗೆಯ ದರ್ಶನಕ್ಕೆ ಊರೇ ಮುರಿದುಬೀಳುವುದರಿಂದ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ನಡೆಯಬೇಕು. ಮನೆ ಜೊತೆಗೆ ಬರುವುದಿಲ್ಲ. 1957ರ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು ಯಜಮಾನರು ಕೃಷ್ಣೆಯನ್ನು ನೋಡುತ್ತಾರೆ. ‘ಇದು ನಮ್ಮ ಆಲಮಟ್ಟಿಯಿಂದ ಬಂದದ್ದು’ ಎಂದು ಅಲ್ಲೂ ಹಕ್ಕು ಸ್ಥಾಪಿಸುತ್ತಾರಾದರೂ ಕ್ಯಾನಿನ ನೀರು ಖಾಲಿಯಾಗಿ ಎರಡು ದಿನವಾಗಿದೆ, ಮೊಸರು ಹುಳಿಯೊಡೆದಿದೆ, ಹಸಿವಾಗಿದೆ. ಬೇರೆ ದಾರಿಯಿಲ್ಲದೆ ಎಲ್ಲರೂ ಒಂದು ಮೆಸ್ಸಿನಲ್ಲಿ ಎಲೆಯ ಮುಂದೆ ಕೂರುತ್ತಾರೆ. ಬಿಸಿ ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಕಪ್ಪಗೆ ಹೊಳೆಯುವ ಗೋಂಗೂರ ಪಚ್ಚಡಿ. ನಮ್ಮ ಉತ್ತರ ಕರ್ನಾಟಕದ ಪುಂಡಿ ಸೊಪ್ಪೇ ಅದು. ಮೈಸೂರು ಸೀಮೆಯ ಯಜಮಾನರಿಗೆ ಅದು ಗೊತ್ತಿರುವುದಿಲ್ಲ. ಮೊದಲ ತುತ್ತಿಗೆ ಹುಬ್ಬು ಗಂಟಿಕ್ಕುತ್ತದೆ, ಎರಡನೆಯದಕ್ಕೆ ಸಡಿಲವಾಗುತ್ತದೆ, ಮೂರನೆಯದಕ್ಕೆ ಬಡಿಸುವವನನ್ನು ಕೈಸನ್ನೆಯಲ್ಲಿ ಕರೆಯುತ್ತಾರೆ. ಹೊರಡುವಾಗ ಪಕ್ಕದ ಅಂಗಡಿಯಲ್ಲಿ ‘ಎಂತ?’ ಎಂದು ಕೇಳಿ, ಈ ಸಲ ಅರ್ಥ ತಿಳಿದೇ ಕೇಳಿ, ಎರಡು ಕಿಲೋ ಕಟ್ಟಿಸುತ್ತಾರೆ. ಎಣ್ಣೆ ಸೋರದಂತೆ ಜಾಡಿಗೆ ಸುತ್ತಲು ಬಟ್ಟೆ ಬೇಕಾಗಿ, ಏಳು ದಿನದಿಂದ ಒಣಗದ ಟವೆಲ್ಲನ್ನು ಕಿಟಕಿಯಿಂದ ಇಳಿಸುತ್ತಾರೆ. ಗಾಡಿಯೊಳಗೆ ತಟಕ್ಕನೆ ಬೆಳಕಾಗುತ್ತದೆ. ಹೊರಗೆ ಹೆದ್ದಾರಿಯ ಟೋಲ್ ಗೇಟು. ಮುಂದಿನ ರಜೆಗೆ ಗೋವಾ ಎಂದು ತೀರ್ಮಾನವಾಗಿದೆ. ನೋಟ್‌ಬುಕ್ಕಿನಲ್ಲಿ ಹೊಸ ಪಟ್ಟಿ ಅಂದೇ ಶುರುವಾಗುತ್ತದೆ: ಅಲ್ಲಿನ ಅಡುಗೆ ನಮ್ಮವರಿಗೆ ಒಗ್ಗುವುದಿಲ್ಲ, ಆದ್ದರಿಂದ ಚಟ್ನಿಪುಡಿ ಒಂದು ಕಿಲೋ, ಗೋಂಗೂರ ಎರಡು ಕಿಲೋ.