ಗಿರಾಕಿ ದೇವರು ಬಸ್ಸು ಹತ್ತಿದಾಗ

ಗಿರಾಕಿ ಹೇಳಿದ್ದೇ ಸರಿ ಎಂಬ ಮಂತ್ರವನ್ನು ಜನಪ್ರಿಯಗೊಳಿಸಿದವರಲ್ಲಿ ಹ್ಯಾರಿ ಗಾರ್ಡನ್ ಸೆಲ್ಫ್ರಿಜ್ ಒಬ್ಬನಂತೆ. 1909ರಲ್ಲಿ ಲಂಡನ್ನಿನಲ್ಲಿ ದೊಡ್ಡ ಮಳಿಗೆ ತೆರೆದ ಆಸಾಮಿ. ಪಾಪ, ಆತ ಹಿಲ್ಲೂರಿನಿಂದ ಅಂಕೋಲೆಗೆ ಸರ್ಕಾರಿ ಬಸ್ಸು ಹತ್ತಿದವನಲ್ಲ.

ಇಲ್ಲಿ ದೇವರು ಐನೂರರ ನೋಟು ಹಿಡಿದೇ ಪ್ರತ್ಯಕ್ಷ. ಚಿಲ್ಲರೆ ಕೇಳಿದರೆ, "ಅದು ನಿನ್ನ ಕೆಲಸ ಮಾರಾಯಾ!" ಆಮೇಲೆ, ನಿಲ್ದಾಣವಿಲ್ಲದ ಕಡೆ ತನ್ನ ಮನೆ ದಣಪೆಯೆದುರೇ ಬಸ್ಸು ನಿಲ್ಲಬೇಕು. ನಿಲ್ಲದಿದ್ದರೆ ಶಾಪ.

2023ರ ಜೂನ್ 11ರಿಂದ ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಬಂತಲ್ಲ, ವಾಯವ್ಯ ಸಾರಿಗೆಯ ನಿರ್ವಾಹಕರಿಗೆ ಹೊಸ ವಾದವೂ ಬಂತು. "ಅಕ್ಕಾ, ಆಧಾರ್ ತೋರ್ಸಿ" ಎಂದರೆ, "ಪುಕ್ಕಟೆ ಬಸ್ಸಿಗೆ ಟಿಕೆಟ್ ಎಂತಕ್ಕೆ ತಮಾ?" ಎಂಬ ಉತ್ತರ. ಆದರೆ ಆ ಶೂನ್ಯ ಟಿಕೆಟಿನ ಲೆಕ್ಕದ ಮೇಲೆಯೇ ಸರ್ಕಾರ ಸಂಸ್ಥೆಗೆ ಹಣ ತುಂಬಿಕೊಡುವುದು. ತಪಾಸಣೆಗೆ ಬಂದವರಿಗೆ ಟಿಕೆಟಿಲ್ಲದ ತಲೆ ಸಿಕ್ಕಿತೋ, ಮೆಮೊ ನಿರ್ವಾಹಕನ ಹೆಸರಿಗೆ. ದೇವರ ತಪ್ಪಿಗೆ ಪೂಜಾರಿಗೆ ದಂಡ!

ನಿರ್ವಾಹಕರೆಲ್ಲ ಸಾಧುಗಳೇನಲ್ಲ, ಸಿಡುಕುವವರೂ ಇದ್ದಾರೆ. ಸೇವೆ ಕೆಟ್ಟರೆ ಡಿಪೋಗೆ ದೂರು ಕೊಡಬಹುದು. ಖಾಸಗಿ ಅಂಗಡಿಕಾರ ಮೋಸ ಮಾಡಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಇದೆ. ಅದರಲ್ಲಿ ಗ್ರಾಹಕನಿಗೆ ಹಕ್ಕುಗಳ ಪಟ್ಟಿಯೇ ಉಂಟು. ಬೈಯುವ ಹಕ್ಕು ಮಾತ್ರ ಎಲ್ಲೂ ಕಾಣದು.

ಇನ್ನು ಕೈ ಎತ್ತುವ ಶೂರರಿಗೆ ಒಂದು ಮಾತು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಪ್ರಕಾರ ಕರ್ತವ್ಯದಲ್ಲಿರುವ ನಿರ್ವಾಹಕ ಸಾರ್ವಜನಿಕ ನೌಕರ. ಕೆಲಸಕ್ಕೆ ಅಡ್ಡಿಪಡಿಸಲೆಂದು ಅವನ ಮೇಲೆ ಹಲ್ಲೆ ನಡೆಸಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು.