ಲೂರ್ದಿನ ತೀರ್ಥ, ಅರಸೀಕೆರೆಯ ಹಳಿ

ಯುರೋಪಿಯನ್ ಒಕ್ಕೂಟ ಬಿಟ್ಟು ಬ್ರಿಟನ್ ಏನು ಗಳಿಸಿತು, ಏನು ಕಳೆದುಕೊಂಡಿತು ಎಂದು ಅರ್ಥಶಾಸ್ತ್ರಜ್ಞರು ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ನಮ್ಮ ಮನೆಯಲ್ಲಿ ಲೆಕ್ಕ ಮುಗಿದು ಹೋಗಿದೆ. ಹೋದದ್ದು ಮೊಸರನ್ನ. 2021ರಿಂದ ನಾವಿರುವ ಇಂಗ್ಲೆಂಡಿನಿಂದ ಯುರೋಪಿಗೆ ಹೋಗುವವರು ಮಾಂಸವನ್ನಾಗಲಿ ಹಾಲು ಮೊಸರನ್ನಾಗಲಿ ಬುತ್ತಿ ಕಟ್ಟುವಂತಿಲ್ಲ. ಆ ಜನವರಿಯಲ್ಲಿ ಡಚ್ ಬಂದರಿನ ಅಧಿಕಾರಿಗಳು ಲಾರಿ ಡ್ರೈವರುಗಳ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತಿಟ್ಟುಕೊಂಡದ್ದನ್ನು ಟಿವಿಯಲ್ಲಿ ನೋಡಿ ನಾನು ನಕ್ಕೆ. ನಮ್ಮವರು ನಗಲಿಲ್ಲ. "ಇವತ್ತು ಹ್ಯಾಮು, ನಾಳೆ ನಮ್ಮ ಮೊಸರನ್ನ, ನೋಡ್ತಾ ಇರು" ಎಂದಿದ್ದರು.

ಆದ್ದರಿಂದ ಫ್ರಾನ್ಸಿಗೆ ಹೊರಟ ನಾವು ಕಟ್ಟಿ ತಂದ ಮೊಸರನ್ನವನ್ನು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲೇ ಮುಗಿಸಬೇಕಿತ್ತು. ಫ್ರಾನ್ಸಿನ ಪೊಲೀಸರು ಲಂಡನ್ನಿನಲ್ಲೇ ಕೂತು ಪಾಸ್‌ಪೋರ್ಟ್ ತಪಾಸಣೆ ಮಾಡುತ್ತಾರೆ, ಗಾಜಿನ ಬಾಗಿಲು ದಾಟಿದರೆ ಆಯಿತು, ಮೊಸರು ಅಪರಾಧ. ಆ ನಿಲ್ದಾಣದ ಮೇಲಂತಸ್ತಿನಲ್ಲಿ ಒಂಬತ್ತು ಮೀಟರ್ ಎತ್ತರದ ಕಂಚಿನ ಜೋಡಿಯೊಂದು ಹಣೆಗೆ ಹಣೆ ಹಚ್ಚಿ ತಬ್ಬಿಕೊಂಡು ನಿಂತಿದೆ. ಬಂದವರೆಲ್ಲ ಅದರ ಕೆಳಗೆ ಅದೇ ಭಂಗಿಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾವು ಅದರ ಬುಡದಲ್ಲಿ ಸ್ಟೀಲ್ ಡಬ್ಬಿ ತೆರೆದು ಕೂತೆವು. "ಬೇಗ ತಿನ್ನೇ, ಗೇಟು ಮುಚ್ತಾರೆ" ಎಂದು ಇವರು, "ಬಾಳಕದ ಮೆಣಸಿನಕಾಯಿ ಎಲ್ಲಿಟ್ರಿ?" ಎಂದು ನಾನು. ಒಬ್ಬ ಜಪಾನಿ ಹುಡುಗಿ ಪ್ರೇಮಿಗಳ ಫೋಟೊ ತೆಗೆಯುವಾಗ ನಾವು ಅಡ್ಡ ಬಾರದಂತೆ ಬಹಳ ಹೊತ್ತು ಕೋನ ಹುಡುಕಿದಳು.

ಈ ಯಾತ್ರೆಗೆ ಕಾರಣ ಅರಸೀಕೆರೆಯಲ್ಲಿರುವ ನಮ್ಮತ್ತೆಯ ಮಂಡಿ. ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂಬ ಕೊರಗು ಅವರಿಗೆ. ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಲೂರ್ದು ಮಾತೆಯ ಭಕ್ತೆ. "ಫ್ರಾನ್ಸಲ್ಲಿ ಒಂದು ಬುಗ್ಗೆ ಇದೆ, ನಿಮ್ಮ ಮಗ ಅಲ್ಲೇ ಹತ್ತಿರ ಇದಾನಲ್ಲ" ಎಂದಿದ್ದಾರೆ. ಅರಸೀಕೆರೆಯಿಂದ ನೋಡಿದರೆ ಇಂಗ್ಲೆಂಡಿನಿಂದ ಫ್ರಾನ್ಸು ಪಕ್ಕದೂರು ಬಾಣಾವರದಷ್ಟು ದೂರ. ಅತ್ತೆ ಫೋನಿನಲ್ಲಿ "ಒಂದು ತಂಬಿಗೆ ತೀರ್ಥ ತಗೊಂಡು ಬಾರಪ್ಪ, ಯಾವ ದೇವರಾದರೇನು" ಎಂದರು.

ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಕೈಚೀಲಕ್ಕೆ 100 ಮಿಲಿಗಿಂತ ದೊಡ್ಡ ಬಾಟಲಿ ಹಾಕುವಂತಿಲ್ಲ, ರೈಲಿನಲ್ಲಾದರೆ ಆ ಕಾಟವಿಲ್ಲ. ಈ ಒಂದು ವಾಕ್ಯಕ್ಕಾಗಿ ನಮ್ಮವರು ಮದುವೆಯಾದಾಗಿನಿಂದ ಕಾಯುತ್ತಿದ್ದರು ಅನ್ನಿಸುತ್ತದೆ. ಮಾವನವರು ಅರಸೀಕೆರೆ ಜಂಕ್ಷನ್ನಿನಲ್ಲಿ ಗಾರ್ಡ್ ಆಗಿದ್ದವರು. ಮಗನಿಗೆ ಅಕ್ಷರಾಭ್ಯಾಸ ಟೈಮ್ ಟೇಬಲ್ಲಿನ ಮೇಲೇ ಆದದ್ದು. ರೈಲೆಂದರೆ ಇವರ ಮುಖಕ್ಕೆ ಬರುವ ಕಳೆ ನಮ್ಮ ಮದುವೆ ಆಲ್ಬಮ್ಮಿನಲ್ಲಿಲ್ಲ.

ಇಂಗ್ಲಿಷ್ ಕಾಲುವೆಯ ಕೆಳಗಿನ ಸುರಂಗದ ಬಗ್ಗೆ ಹೇಳುವುದೇನೂ ಇಲ್ಲ. 1994ರಲ್ಲಿ ತೆರೆದದ್ದು, ಐವತ್ತು ಕಿಲೋಮೀಟರ್ ಉದ್ದ, ಅದರಲ್ಲಿ 38 ಸಮುದ್ರದಡಿಯಲ್ಲಿ ಎಂದು ಇವರು ವಿವರಿಸುತ್ತಿದ್ದರು. ನನಗೆ ಕಂಡದ್ದು ಕಿಟಕಿಯ ಗಾಜಿನಲ್ಲಿ ವಿವರಿಸುತ್ತಿರುವ ಇವರೇ.

ಪ್ಯಾರಿಸ್ಸಿನ ಗಾರ್ ದು ನಾರ್‌ನಲ್ಲಿ ಇಳಿದವರು ಐಫೆಲ್ ಗೋಪುರಕ್ಕೆ ಹೋಗುತ್ತಾರೆ. ನಾವು ನಿಲ್ದಾಣದ ಹಿಂದಿನ ಲಾ ಶಾಪೆಲ್‌ಗೆ ನಡೆದೆವು. ಶ್ರೀಲಂಕಾ ತಮಿಳರ ಕೇರಿ ಅದು. ಕರಿಬೇವು, ಬಾಳೆದಿಂಡು, ಸೀರೆ ಅಂಗಡಿ, ಪಕ್ಕದಲ್ಲೇ ಮಾಣಿಕ್ಕ ವಿನಾಯಕರ ಗುಡಿ. ಬೇಸಿಗೆಯ ಕೊನೆಗೆ ಆ ದೇವರ ತೇರು ಪ್ಯಾರಿಸ್ಸಿನ ಬೀದಿಯಲ್ಲೇ ಹೊರಡುತ್ತದೆ, ರಸ್ತೆಯುದ್ದಕ್ಕೂ ತೆಂಗಿನಕಾಯಿ ಈಡುಗಾಯಿ ಹೊಡೆಯುತ್ತಾರೆ. ಅರಸೀಕೆರೆಯವರಿಗೆ ತೆಂಗಿನಕಾಯಿ ಅಂದರೆ ಸುಮ್ಮನೆ ಅಲ್ಲ. ಇವರು ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿ, ಅದನ್ನು ಮಗುವನ್ನು ಮಲಗಿಸುವ ಹಾಗೆ ಬುಟ್ಟಿಯಲ್ಲಿ ವಾಪಸ್ ಇಟ್ಟರು. ಮಸಾಲೆದೋಸೆ ತಿಂದೆವು. ಐಫೆಲ್ ಗೋಪುರವನ್ನು ಬಿಲ್ ಕೊಡುವ ಕೌಂಟರಿನ ಕೀಚೈನಿನಲ್ಲಿ ನೋಡಿದೆವು.

ಮಾರನೆಯ ದಿನ ಮಾಂಪಾರ್ನಾಸ್ ನಿಲ್ದಾಣ. ಅಲ್ಲಿ ಪ್ಲಾಟ್‌ಫಾರಂ ನಂಬರನ್ನು ರೈಲು ಹೊರಡುವ ಇಪ್ಪತ್ತು ನಿಮಿಷ ಮುಂಚೆಯಷ್ಟೇ ಹಾಕುತ್ತಾರೆ. ಅಲ್ಲಿಯವರೆಗೆ ನೂರಾರು ಜನ ಪೆಟ್ಟಿಗೆ ಹಿಡಿದು, ಬೋರ್ಡಿಗೆ ಮುಖವೆತ್ತಿ, ಚಂದ್ರದರ್ಶನಕ್ಕೆ ನಿಂತಂತೆ ನಿಂತಿರುತ್ತಾರೆ. ಎರಡು ಗಂಟೆ ಮುಂಚೆಯೇ ಬಂದು ನಿಂತವರೂ ಈಗ ಬಂದವರೂ ಅಲ್ಲಿ ಒಂದೇ. ಇದನ್ನು ನಾನು ಇವರಿಗೆ ತೋರಿಸಿಕೊಟ್ಟೆ. "ಮುಂಚೆ ಬಂದ್ರೆ ಮನಸ್ಸಿಗೆ ಸಮಾಧಾನ ಕಣೇ" ಎಂದರು, ಹಣೆಯ ಬೆವರು ಒರೆಸಿಕೊಳ್ಳುತ್ತ.

ಬೋರ್ಡೊ ತನಕ ರೈಲು ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ಹಾರಿತು. ಚಟ್ನಿಪುಡಿ ಸವರಿದ ಕ್ರೋಸೆಂಟ್ ಒಂದು ಮುಗಿಯುವಷ್ಟರಲ್ಲಿ ಎರಡು ಜಿಲ್ಲೆ ದಾಟಿದ್ದೆವು. ಅಲ್ಲಿಂದಾಚೆ ಹಳೆಯ ಹಳಿ, ನಿಧಾನ. ಪೋ ಹತ್ತಿರ ಪಿರಿನೀಸ್ ಬೆಟ್ಟಸಾಲು ಕಂಡಾಗ ನಾನು ಕೂಗಿದೆ, ಇವರು ಓವರ್‌ಹೆಡ್ ತಂತಿ ನೋಡುತ್ತಿದ್ದರು.

ಲೂರ್ದಿನ ಬೀದಿಗಳಲ್ಲಿ ಅಂಗಡಿಯೋ ಅಂಗಡಿ. ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ ಬೆರಳುದ್ದದಿಂದ ಮೊಣಕೈ ಉದ್ದದವರೆಗೆ ಸಿಗುತ್ತದೆ. ನೀಲಿ ಕಿರೀಟವೇ ಮುಚ್ಚಳ. ನೀರು ಮಾತ್ರ ಪುಕ್ಕಟೆ. ಅತ್ತೆಯ ತಂಬಿಗೆಗೆ ಸಮನಾದ ಅಳತೆ ಯಾವುದೆಂದು ನಮ್ಮಿಬ್ಬರಲ್ಲಿ ಅರ್ಧ ಗಂಟೆ ಚರ್ಚೆಯಾಗಿ, ಕೊನೆಗೆ ಐದು ಲೀಟರಿನ ಕ್ಯಾನ್ ಒಂದು, ಟೀಚರಮ್ಮನಿಗೆ ಕಿರೀಟದ್ದೊಂದು ಕೊಂಡೆವು.

ಇಷ್ಟು ವ್ಯಾಪಾರದ ನಡುವೆ ಬುಗ್ಗೆಯಿರುವ ಗವಿ ಹೇಗಿದ್ದೀತೋ ಎಂಬ ಅನುಮಾನವಿತ್ತು. ಗೇಟು ದಾಟಿದರೆ ಅಂಗಡಿಗಳಿಲ್ಲ. ನದಿಯ ದಡದಲ್ಲೊಂದು ಬಂಡೆ, ಜನ ಕೈಯಿಂದ ಸವರಿ ಸವರಿ ನುಣುಪಾದ ಕಲ್ಲು. 1858ರ ಫೆಬ್ರವರಿಯಲ್ಲಿ ಸೌದೆ ಆರಿಸಲು ಬಂದ ಹದಿನಾಲ್ಕರ ಹುಡುಗಿ ಬರ್ನಡೆಟ್‌ಗೆ ಮಾತೆ ಕಾಣಿಸಿದ್ದು ಇಲ್ಲಿ. ಉಬ್ಬಸದ ಹುಡುಗಿ, ಮನೆಯವರು ವಾಸವಿದ್ದದ್ದು ಹಳೆಯ ಜೈಲಿನ ಕೋಣೆಯಲ್ಲಿ. ರಾತ್ರಿಯ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಕಾಯಿಲೆಯವರ ಗಾಲಿಕುರ್ಚಿಗಳು, ಸ್ವಯಂಸೇವಕರು ಎಳೆಯುವ ನೀಲಿ ಗಾಡಿಗಳು. ಹಾಡಿನ ಪಲ್ಲವಿ ಬಂದಾಗಲೆಲ್ಲ ಸಾವಿರಾರು ಮೊಂಬತ್ತಿ ಒಟ್ಟಿಗೆ ಮೇಲೇಳುತ್ತಿದ್ದವು. ಪಕ್ಕದ ಗಾಡಿಯಲ್ಲಿ ಅತ್ತೆಯ ವಯಸ್ಸಿನ ಅಜ್ಜಿ, ಮೊಂಬತ್ತಿ ಎತ್ತಲು ಕೈ ನಡುಗುತ್ತಿತ್ತು. ಇವರು ಏನೂ ಕೇಳದೆ ಅವರ ಮಣಿಕಟ್ಟಿಗೆ ಕೈ ಕೊಟ್ಟು, ಪ್ರತಿ ಪಲ್ಲವಿಗೂ ಎತ್ತಿಸುತ್ತ ನಡೆದರು. ಹೋಟೆಲಿಗೆ ಬರುವ ದಾರಿಯಲ್ಲಿ ಮಾತ್ರ ಮತ್ತೆ ಇವರೇ ಆದರು: "ಬುಗ್ಗೆ ಬಂದಿದ್ದು 1858, ರೈಲು ಬಂದಿದ್ದು 1866. ರೈಲು ಬರದಿದ್ರೆ ಇಷ್ಟು ಜನ ಎಲ್ಲಿ ಬರ್ತಿದ್ರು ಹೇಳು?"

ತೀರ್ಥ ಸಿಕ್ಕಿತು, ಇನ್ನು ವಾಪಸ್ ಹೋಗಬಹುದಿತ್ತು. ಆದರೆ ಟಿಕೆಟ್ಟು ಬಯೊನ್ ಮೇಲೆ ಆಂದಾಯ್ ತನಕ ಇತ್ತು. ಬಯೊನ್‌ನಲ್ಲಿ ರೈಲು ಬದಲಾಯಿಸುವ ಹೊತ್ತಿನಲ್ಲಿ ಚಾಕೊಲೇಟ್ ಕೊಂಡೆ, ಅಷ್ಟೇ. ಆಂದಾಯ್ ಫ್ರಾನ್ಸಿನ ಕಟ್ಟಕಡೆಯ ಊರು. ಫ್ರಾನ್ಸಿನ ಹಳಿಯ ಅಗಲ 1435 ಮಿಲಿಮೀಟರ್, ಸ್ಪೇನಿನ ಹಳೆಯ ಹಳಿ 1668, ನಮ್ಮ ಬ್ರಾಡ್‌ಗೇಜ್ 1676. ಇದನ್ನು ನಾನು ಬಾಯಿಪಾಠ ಒಪ್ಪಿಸಬಲ್ಲೆ, ಏಕೆಂದರೆ ದಾರಿಯುದ್ದಕ್ಕೂ ಅದೇ ಜಪ. ನಿಲ್ದಾಣದಿಂದ ಹೊರಬಂದರೆ ಪಕ್ಕದಲ್ಲೇ ಇನ್ನೊಂದು ಪುಟ್ಟ ನಿಲ್ದಾಣ. ಅಲ್ಲಿಂದ ಸ್ಪೇನಿನ ಸಾನ್ ಸೆಬಾಸ್ಟಿಯನ್‌ಗೆ ಬಾಸ್ಕ್ ಜನರ ಲೋಕಲ್ ರೈಲು ಹೊರಡುತ್ತದೆ. ಇವರು ಕ್ಯಾನನ್ನು ನನ್ನ ಕೈಗೆ ಕೊಟ್ಟು, ಪ್ಲಾಟ್‌ಫಾರಂ ಅಂಚಿನಲ್ಲಿ ಬಗ್ಗಿ ನೋಡಿದರು.

"ಮೀಟರ್ ಗೇಜ್ ಕಣೇ!"

ತೊಂಬತ್ತರ ದಶಕದಲ್ಲಿ ಅರಸೀಕೆರೆಯಲ್ಲಿ ಕಿತ್ತುಹಾಕಿದ ಅದೇ ಸಾವಿರ ಮಿಲಿಮೀಟರ್. ಮೂರು ರೈಲು ಬಿಟ್ಟುಕೊಟ್ಟೆವು, ಬರುವುದನ್ನೂ ಹೋಗುವುದನ್ನೂ ನೋಡಲಿಕ್ಕೆ. ಗವಿಯ ಮುಂದೆ ತೆಗೆಯದಷ್ಟು ಫೋಟೊ ಇಲ್ಲಿ ತೆಗೆದರು. ನಾನು ಐದು ಲೀಟರ್ ತೀರ್ಥ ಹೊತ್ತು ನಿಂತಿದ್ದೆ.

ಸಾನ್ ಸೆಬಾಸ್ಟಿಯನ್‌ನ ಕಡಲತೀರ ಅರ್ಧಚಂದ್ರದ ಹಾಗಿದೆ, ಚೆಂದ. ಊಟ ಮಾತ್ರ ಕಷ್ಟ. ಕೌಂಟರ್ ತುಂಬ ಕಡ್ಡಿ ಚುಚ್ಚಿದ ತಿಂಡಿಗಳು, ಎಲ್ಲದರಲ್ಲೂ ಮೀನೋ ಹ್ಯಾಮೋ. ಉಳಿದದ್ದು ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿದ ಹಸಿಮೆಣಸಿನಕಾಯಿ ಮತ್ತು ಆಲೂಗಡ್ಡೆಯ ಆಮ್ಲೆಟ್. ಮನೆಯಲ್ಲಿ ಮೊಟ್ಟೆಯ ಟ್ರೇ ಕಂಡರೆ ಮುಖ ಸಿಂಡರಿಸುವ ಇವರು ಎರಡು ತುಂಡು ತಿಂದು, "ಇದು ಪಲ್ಯದ ಲೆಕ್ಕ" ಎಂದರು.

ತೀರ್ಥ ಊರಿಗೆ ಹೊರಟ ಸ್ನೇಹಿತರ ಸೂಟ್‌ಕೇಸ್ ಸೇರಿ ಅರಸೀಕೆರೆ ತಲುಪಿತು. ಮುಂದಿನ ಭಾನುವಾರ ವಿಡಿಯೊ ಕಾಲ್. ಗವಿ, ಮೆರವಣಿಗೆಯ ಕತೆಯನ್ನೆಲ್ಲ ಅತ್ತೆ "ಹೂಂ, ಹೂಂ" ಎಂದು ಕೇಳಿದರು. ಮಗ ಮೀಟರ್ ಗೇಜ್ ಎಂದದ್ದೇ ತಡ, ಕನ್ನಡಕ ಹಾಕಿಕೊಂಡರು. "ಗಾರ್ಡ್ ಬೋಗಿ ಇದೆಯೇನೋ? ಹಸಿರು ಬಾವುಟ ತೋರಿಸ್ತಾರಾ?" ಇಲ್ಲ, ಎಲ್ಲ ಕರೆಂಟು ಎಂದಾಗ ಮುಖ ಸಣ್ಣದಾಯಿತು.

ಮಂಡಿ ಹೇಗಿದೆ ಎಂದು ನಾನೇ ಕೇಳಬೇಕಾಯಿತು. "ಅಯ್ಯೋ, ಪವಾಡ ಕಣಮ್ಮ, ಮಾಲೇಕಲ್ಲು ಬೆಟ್ಟ ಅರ್ಧ ಹತ್ತಿ ಬಂದೆ!"

ಇವರಿಗೆ ಉತ್ಸಾಹ ಬಂತು. ಲೂರ್ದಿನಲ್ಲಿ 1883ರಿಂದ ವೈದ್ಯರ ಕಚೇರಿಯೊಂದಿದೆ. ವಾಸಿಯಾಯಿತು ಎಂದು ಹೇಳಿಕೊಂಡು ಬಂದವರು 7,000ಕ್ಕೂ ಹೆಚ್ಚು, ಚರ್ಚು ಪವಾಡವೆಂದು ಒಪ್ಪಿದ್ದು 70ಕ್ಕಿಂತ ಸ್ವಲ್ಪ ಜಾಸ್ತಿ. ಕಾಯಿಲೆ ಥಟ್ಟನೆ, ಪೂರ್ತಿ, ಶಾಶ್ವತವಾಗಿ ಹೋಗಿರಬೇಕು, ಯಾವ ಔಷಧಿಯ ಗುಣವೂ ಅದಾಗಿರಬಾರದು. ಇಷ್ಟನ್ನೂ ಅಮ್ಮನಿಗೆ ವಿವರಿಸಿ, "ಬೇರೆ ಏನೂ ಹಚ್ಚಲಿಲ್ಲ ತಾನೇ?" ಎಂದರು.

"ಬೇರೆ ಏನಿಲ್ಲಪ್ಪ. ಬೆಳಿಗ್ಗೆ ಮಹಾನಾರಾಯಣ ತೈಲ, ಮಧ್ಯಾಹ್ನ ಡಾಕ್ಟ್ರು ಕೊಟ್ಟ ಮಾತ್ರೆ, ರಾತ್ರಿ ಎಕ್ಕದೆಲೆ ಶಾಖ. ಮಧ್ಯೆ ಮಧ್ಯೆ ಆಯಮ್ಮನ ತೀರ್ಥ."